ಲೆಕ್ಕ ಸರಿದೂಗಿಸಿದ ಅಪರಾಧದ ಬಗ್ಗೆ

ವಿಶ್ವವಿದ್ಯಾಲಯದ ಶುಲ್ಕ ರಿಯಾಯಿತಿ ಅರ್ಜಿಗಳನ್ನು ಪರಿಶೀಲಿಸುವ ಗಣಕಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ಊಟ, ನಿದ್ದೆ, ರಜೆ, ಕೆಮ್ಮು ಇವು ಯಾವುದರ ಹಂಗೂ ಇಲ್ಲದೆ ಮಕ್ಕಳ ಭವಿಷ್ಯವನ್ನು ತೂಗುತ್ತಿರುವ ತಮಗೆ, ಮೂವತ್ತೊಂದು ವರ್ಷ ಶಾಲೆಯಲ್ಲಿ ಲೆಕ್ಕಪತ್ರ ಕಲಿಸಿ, ನಿವೃತ್ತಿಯ ನಂತರ ವಾಚನಾಲಯದ ಮೂಲೆಯ ಮೇಜಿನಲ್ಲಿ ಕುಳಿತು ಶಾಲೆ ಮುಗಿಸಿದ ಮಕ್ಕಳ ಅರ್ಜಿಗಳಿಗೆ ನೆರವಾಗುತ್ತಿರುವ ಒಬ್ಬ ಮೇಷ್ಟ್ರ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಜಾಲಪುಟದ ಮೇಲೆ ಮೊನ್ನೆ ಇಡೀ ದಿನ ಒಂದು ಚಕ್ರ ಸುತ್ತುತ್ತಲೇ ಇದ್ದುದರಿಂದ ಕೊಂಚ ಆತಂಕವಾಗಿತ್ತು. ಹೀಗೆ ಬಹಿರಂಗವಾಗಿ ಬರೆಯುತ್ತಿರುವುದನ್ನು ಕ್ಷಮಿಸಬೇಕು. ಖಾಸಗಿಯಾಗಿ ಬರೆದ ನಾಲ್ಕು ಪತ್ರಗಳಿಗೂ 'ಈ ವಿಳಾಸಕ್ಕೆ ಬರೆಯಬೇಡಿ' ಎಂಬ ಪ್ರೀತಿಯ ಉತ್ತರ ತಕ್ಷಣವೇ ಬಂದಿತ್ತು.

ವಿಷಯ ನಮ್ಮ ಚೂಟಿಯದು. ತಮ್ಮ ಕಡತದಲ್ಲಿ ಅವಳು ಹನ್ನೊಂದು ಅಂಕಿಗಳ ಒಂದು ಸಂಖ್ಯೆ, ಆದರೆ ಶಾಲೆಯಲ್ಲೂ ಬೀದಿಯಲ್ಲೂ ಚೂಟಿಯೇ. ಅವಳ ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ. ಕಲೆ ತೆಗೆಯುವ ಬಾಟಲಿಗಳ ಮೇಲಿನ ಚೀಟಿ ಓದುತ್ತಲೇ ಬೆಳೆದ ಈ ಹುಡುಗಿಗೆ, ಬಟ್ಟೆಯ ಬಣ್ಣ ಬೇಗ ಹೋಗಿ ಕಲೆ ಮಾತ್ರ ಉಳಿಯುವುದೇಕೆಂದು ತಿಳಿಯಲೇಬೇಕೆಂಬ ಹಟ ಹುಟ್ಟಿ, ಅದೇ ಹಟದಲ್ಲಿ ಓದಿ, ತಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಸೀಟು ಗಳಿಸಿಕೊಂಡಿದ್ದಾಳೆ. ಶುಲ್ಕದಲ್ಲಿ ರಿಯಾಯಿತಿ ಸಿಕ್ಕರೆ ಸೇರುತ್ತಾಳೆ. ಸಿಗದಿದ್ದರೆ ಬರುವ ಬುಧವಾರ ನಾಲ್ಕು ಗಂಟೆಗೆ ಆ ಸೀಟು ಬೇರೆಯವರದು, ಗುರುವಾರ ಬೆಳಿಗ್ಗೆಯಿಂದ ತಾಯಿಯ ಪಕ್ಕದ ಇಸ್ತ್ರಿಪೆಟ್ಟಿಗೆ ಅವಳದು.

ತಮ್ಮ ಅರ್ಜಿಯ ಐದನೆಯ ಪುಟದಲ್ಲಿ, ಓದಲು ಸೇರಿದ ಮೇಲಿನ ಒಂದು ತಿಂಗಳ ಆಯವ್ಯಯ ಪಟ್ಟಿ ಕೇಳಿದ್ದೀರಿ. ಚೂಟಿ ತಾನೇ ಒಂದನ್ನು ತಯಾರಿಸಿ ತಂದಿದ್ದಳು. ಎಲ್ಲ ಬರೆದು, ಕೂಡಿ, ಕಳೆದು, ಕೆಳಗೆ 'ಕೊನೆಯ ಒಂಬತ್ತು ದಿನಕ್ಕೆ ಏನೂ ಇಲ್ಲ' ಎಂದು ನಮೂದಿಸಿದ್ದಳು. ಎರಡು ಕಡೆ ಸಮವಾಗದ ಲೆಕ್ಕ ಕಂಡರೆ ನನಗೆ ಕೊಳೆಯಾದ ಕಾಲರ್ ಕಂಡಂತೆ. "ಏನಮ್ಮಾ ಇದು, ಇಂಥ ಲೆಕ್ಕ ಹಿಡ್ಕೊಂಡು ದೊಡ್ಡವರ ಮುಂದೆ ಹೋಗ್ತಾರಾ?" ಎಂದು ಗದರಿದೆ. "ಇರೋದೇ ಹಾಗಲ್ವಾ ಸಾರ್," ಎಂದಳು. ನಾನು ಕೆಂಪು ಪೆನ್ನು ತೆಗೆದೆ.

ಮುಂದಿನ ಮೂರು ಶನಿವಾರ ನಾವು ಮಾಡಿದ ಸಾಧನೆಯನ್ನು ತಾವು ಮೆಚ್ಚಲೇಬೇಕು. ಬಸ್ಸಿನ ಖರ್ಚು ಹೊಡೆದುಹಾಕಿದೆವು; ಐದು ಕಿಲೋಮೀಟರ್ ನಡಿಗೆ ಆರೋಗ್ಯಕ್ಕೆ ಒಳ್ಳೆಯದು. ಬೆಳಗಿನ ತಿಂಡಿಯನ್ನು ಮಧ್ಯಾಹ್ನದ ಊಟದಲ್ಲಿ ವಿಲೀನಗೊಳಿಸಿದೆವು. ಹಾಸ್ಟೆಲ್ ಹೋಗಿ, ಸೋದರತ್ತೆಯ ಮನೆಯ ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಚಾಪೆ ಬಂತು. ಆದರೂ ಚೂರು ಕೊರತೆ ಉಳಿದಾಗ ತಾಯಿ ತಮ್ಮ ಹೊಸ ಕನ್ನಡಕವನ್ನೇ ಬಿಟ್ಟುಕೊಟ್ಟರು. "ನಂಗ್ಯಾಕೆ ಸಾರ್, ಬಟ್ಟೆ ಸುಕ್ಕು ಕೈಗೇ ಗೊತ್ತಾಗುತ್ತೆ," ಎಂದರು. ಲೆಕ್ಕ ಕೊನೆಯ ಕಾಸಿನವರೆಗೂ ಸರಿಹೋಯಿತು. ಮೊತ್ತದ ಕೆಳಗೆ ನಾನೇ ಎರಡು ಗೆರೆ ಎಳೆದು, ಅದರ ಪ್ರತಿಯನ್ನು ತಮಗೆ ಕಳಿಸಿಕೊಟ್ಟೆ.

ಹನ್ನೊಂದೇ ನಿಮಿಷಗಳಲ್ಲಿ ತಮ್ಮ ಉತ್ತರ ಬಂತು: 'ಅಭಿನಂದನೆಗಳು! ನಿಮ್ಮ ಆಯವ್ಯಯದಲ್ಲಿ ಕೊರತೆ ಇಲ್ಲ. ಆದ್ದರಿಂದ ನಿಮಗೆ ರಿಯಾಯಿತಿಯ ಅಗತ್ಯ ಕಂಡುಬಂದಿಲ್ಲ.' ಇಷ್ಟು ಮರ್ಯಾದೆಯಿಂದ ಬಾಗಿಲು ಹಾಕುವುದನ್ನು ನಾನು ಈ ವಯಸ್ಸಿನವರೆಗೆ ಕಂಡಿರಲಿಲ್ಲ.

ತಮಗೆ ಕರುಣೆಯೇ ಇಲ್ಲವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಚೂಟಿಯ ಗೆಳತಿ, ಪೀಠೋಪಕರಣದ ಅಂಗಡಿಯವರ ಮಗಳು, ಸ್ಕೂಟರಿನ ಪೆಟ್ರೋಲು, ವಾರಕ್ಕೊಂದು ಸಿನಿಮಾ, ಬೆಕ್ಕಿಗೆ ದಿನಕ್ಕೆ ಮೂರು ಹೊತ್ತಿನ ಡಬ್ಬಿ ಆಹಾರ ಇವನ್ನೆಲ್ಲ ಬರೆದು, ಕೊರತೆ ತೋರಿಸಿದ ಕೂಡಲೇ ತಾವು ಕರಗಿಹೋಗಿ ಅರ್ಧ ಶುಲ್ಕ ಬಿಟ್ಟಿರಿ. "ಏನು ಖರ್ಚಾಗುತ್ತೋ ಅದನ್ನೇ ಬರ್ದೆ ಸಾರ್, ನಾನೇನು ಮೋಸ ಮಾಡಿಲ್ಲ," ಎಂದು ಆ ಮಗು ನನ್ನೆದುರು ಅತ್ತೇಬಿಟ್ಟಿತು. ಅದರ ತಪ್ಪೇನೂ ಇಲ್ಲ. ಬೆಕ್ಕಂತೂ ಮೊದಲೇ ನಿರಪರಾಧಿ. ಚೂಟಿಗೆ ಎರಡೇ ಹೊತ್ತಿನ ಊಟವೆಂದು ಬರೆಸಿದವನು ನಾನು.

ಇದನ್ನೇ ಹೇಳಿಕೊಳ್ಳಲು ತಮ್ಮ ಕಚೇರಿಗೂ ಬಂದಿದ್ದೆ. ಕಿಟಕಿಯ ಹಿಂದಿದ್ದ ಗುಮಾಸ್ತೆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ಲ ಮೇಷ್ಟ್ರೇ, ನೀವೇ ಎರಡು ಗೆರೆ ಎಳೆದು ಎಲ್ಲಾ ಸರಿಯಾಗಿದೆ ಅಂದ್ಮೇಲೆ ಅದು ತಾನೇ ಏನ್ ಮಾಡುತ್ತೆ, ಪಾಪ?" ಎಂದು ತಮ್ಮ ಪರವಾಗಿ ಮರುಗಿದರು. ಹೊಸ ಪಟ್ಟಿ ಕೊಡಬಹುದೇ ಎಂದದ್ದಕ್ಕೆ, ಕೊಡಬಹುದು, ಆದರೆ ಅಂಕಿ ಬದಲಾದರೆ ಸುಳ್ಳು ಮಾಹಿತಿ ನೀಡಿದರೆಂದು ಸೀಟೇ ರದ್ದಾಗುತ್ತದೆ ಎಂಬ ನಿಯಮವನ್ನು ತೋರಿಸಿದರು. ಅಂದರೆ ಹಸಿವನ್ನು ಮುಚ್ಚಿಟ್ಟರೆ ಸ್ಥಿತಿವಂತೆ, ತೆರೆದು ತೋರಿಸಿದರೆ ಸುಳ್ಳುಗಾತಿ. ಮೂವತ್ತೊಂದು ವರ್ಷ ಕಲಿಸಿಯೂ ನನಗೆ ಇಷ್ಟು ಅಚ್ಚುಕಟ್ಟಾದ ಲೆಕ್ಕ ಹೊಳೆದಿರಲಿಲ್ಲ.

ತಾವು ಆ ಐದು ಕಿಲೋಮೀಟರನ್ನು ಒಂದು ದಿನವಾದರೂ ನಡೆದು ನೋಡಬೇಕೆಂದು ನಾನು ಕೋರುವುದಿಲ್ಲ. ಕಾಲಿಲ್ಲದವರನ್ನು ಹಾಗೆ ಕೇಳುವುದು ಸಭ್ಯತೆಯಲ್ಲ. ತಿಂಡಿ ಬಿಟ್ಟು ಮೊದಲ ತರಗತಿಯಲ್ಲಿ ಕುಳಿತುಕೊಳ್ಳಿರೆಂದೂ ಹೇಳಲಾರೆ. ನನ್ನದು ಒಂದೇ ಬೇಡಿಕೆ. ಈ ಪತ್ರದೊಂದಿಗೆ ಚೂಟಿಯ ಮೊದಲ ಪಟ್ಟಿಯನ್ನು ಲಗತ್ತಿಸಿದ್ದೇನೆ. ನನ್ನ ಕೆಂಪು ಗೆರೆಗಳ ಅಡಿಯಲ್ಲಿ ಅವಳ ಅಕ್ಷರ ಇನ್ನೂ ಓದಲು ಬರುತ್ತದೆ. ಸುಳ್ಳು ಮಾಹಿತಿ ಕೊಟ್ಟವರು ಯಾರೆಂಬ ಅಂಕಣದಲ್ಲಿ ದಯವಿಟ್ಟು ನನ್ನನ್ನು ನಮೂದಿಸಿ, ದಂಡವನ್ನೂ ನನಗೇ ಹಾಕಿ, ಬುಧವಾರ ನಾಲ್ಕು ಗಂಟೆಯೊಳಗೆ ಆ ಒಂಬತ್ತು ದಿನಗಳ ಕೊರತೆಯನ್ನು ಅವಳಿಗೆ ಹಿಂದಿರುಗಿಸಬೇಕು. ನಾನು ತಿದ್ದಿದ ಸಾವಿರಾರು ಹಾಳೆಗಳಲ್ಲಿ, ಸರಿಯಾದ ಉತ್ತರವನ್ನು ಹೊಡೆದುಹಾಕಿದ್ದು ಇದೊಂದೇ ಆಗಿರಲೆಂದು ನನ್ನ ಆಸೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ವಾಚನಾಲಯದ ಮೂಲೆ ಮೇಜಿನ ಮೇಷ್ಟ್ರು

ವಿ.ಸೂ.: ಈ ಶನಿವಾರದಿಂದ 'ಕೊರತೆ ತೋರಿಸುವ ಕಲೆ' ಎಂಬ ಉಚಿತ ತರಗತಿಯನ್ನು ಆರಂಭಿಸುತ್ತಿದ್ದೇನೆ. ಈಗಾಗಲೇ ಇಪ್ಪತ್ತಮೂರು ಮಕ್ಕಳು ಹೆಸರು ಕೊಟ್ಟಿದ್ದಾರೆ, ಎಲ್ಲರೂ ಜಾಣರು. ಬರುವ ವರ್ಷದ ಅರ್ಜಿಗಳನ್ನು ಓದಲು ಕೂರುವ ಮುನ್ನ ತಾವು ಒಂದು ದೊಡ್ಡ ಕರವಸ್ತ್ರವನ್ನು ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು. ಕಣ್ಣೀರು ಒಳಗಿಳಿದರೆ ಯಂತ್ರಗಳು ಕೆಡುತ್ತವೆಂದು ಕೇಳಿದ್ದೇನೆ.