ರಂಗಣ್ಣನ ನಾಯಿಯನ್ನು ನಾನು ಕಣ್ಣಾರೆ ಕಂಡದ್ದು

‘ನಾನೇ ಕಣ್ಣಾರೆ ಕಂಡೆ’ ಎಂದು ಎದೆ ತಟ್ಟಿಕೊಳ್ಳುವವರನ್ನು ಈಗೀಗ ದೂರವಿಡುತ್ತಿದ್ದೇನೆ. ಅವರಲ್ಲಿ ಮೊದಲನೆಯವನು ನಾನೇ ಆದ್ದರಿಂದ ಅದು ಸ್ವಲ್ಪ ಕಷ್ಟ.

ಬರಗೂರಿನಿಂದ ಬಂದಿದ್ದ ಅತ್ತೆ ಮಧುಗಿರಿಯ ನಮ್ಮ ಮನೆಯ ಮೆಟ್ಟಿಲಲ್ಲಿ ಬಿದ್ದರು. ನಾನಾಗ ಜಗಲಿಯಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಅವರ ಮಣಿಕಟ್ಟು ಊದಿ ಬ್ಯಾಂಡೇಜು ಬಿತ್ತು. ಸಂಜೆ ನನ್ನ ಹೆಂಡತಿ ಸರೋಜ, “ರೀ, ಪಕ್ಕದ್ಮನೆ ರಂಗಣ್ಣನ ನಾಯಿ ಅಮ್ಮನ ಕಾಲಿಗೆ ಅಡ್ಡ ಬಂತು ಅಲ್ವಾ?” ಎಂದಳು. “ಇರಬಹುದು” ಎಂದೆ. ಸಂಸಾರ ಹೂಡಿದಾಗಿನಿಂದ ಇದೇ ನನ್ನ ಖಾಯಂ ಉತ್ತರ. ಮಾರನೆಯ ದಿನ ನೋಡಲು ಬಂದ ನೆಂಟರ ಮುಂದೆ ಅದು “ಹೌದು” ಆಯಿತು. ವಾರ ಕಳೆಯುವುದರೊಳಗೆ ನಾಯಿಯ ಬಾಲ ಎತ್ತ ತಿರುಗಿತ್ತೆಂದು ಅಭಿನಯಿಸಿಯೂ ತೋರಿಸುತ್ತಿದ್ದೆ. ಸುಳ್ಳಲ್ಲ, ನನಗೆ ನಿಜವಾಗಿಯೂ ಕಾಣುತ್ತಿತ್ತು.

ಸುದ್ದಿ ರಂಗಣ್ಣನಿಗೆ ಮುಟ್ಟಿತು. ಜಗಳವಾಡಿದ್ದರೆ ಚೆನ್ನಾಗಿತ್ತು. “ಮೇಷ್ಟ್ರಾದ ನೀವೇ ನೋಡಿದ್ಮೇಲೆ ಇನ್ನೇನೈತೆ? ನಾಯಿನ ಪಟ್ಟನಾಯಕನಹಳ್ಳಿಲಿ ನಮ್ ಮಾವನ ಮನೇಲಿ ಬುಟ್ಬುಟ್ಟು ಬತ್ತೀನಿ” ಎಂದ. ಅವನ ಹೆಂಡತಿ ನಮ್ಮ ಸರೋಜಳ ಜೊತೆ ಮಾತು ಬಿಟ್ಟಳು.

ಅಂದು ಊಟವಾದ ಮೇಲೆ ಅಡ್ಡಾಗಿ, ನಡೆದದ್ದನ್ನೆಲ್ಲ ಮತ್ತೆ ನೆನೆದೆ. ಅತ್ತೆಯ ಕೈಲಿದ್ದ ತಂಬಿಗೆ ಉರುಳಿದ ಸದ್ದು ನೆನಪಿತ್ತು, ಅವರು ಬಿದ್ದ ಗಳಿಗೆ ಮಾತ್ರ ಇರಲಿಲ್ಲ. ನಾಯಿಯ ಚಿತ್ರ ಫೋಟೋದ ಹಾಗೆ ಸ್ಪಷ್ಟವಾಗಿತ್ತು. ಅದರಲ್ಲಿ ನಾಯಿ, ಅತ್ತೆ, ಜೊತೆಗೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದ ನನ್ನ ಬೆನ್ನು! ಕಣ್ಣಾರೆ ಕಂಡವನಿಗೆ ತನ್ನದೇ ಬೆನ್ನು ಹೇಗೆ ಕಂಡೀತು? ಎದ್ದು ಕೂತೆ.

ಅತ್ತೆಯನ್ನು ಕೇಳಿದೆ. “ನಾಯಿ ಎಲ್ಲಿತ್ತು ಅಳಿಯಂದ್ರೇ? ಸೀರೆ ನೆರಿಗೆ ಕಾಲಿಗೆ ಸಿಕ್ಕಾಕ್ಕಂಡು ಬಿದ್ದೆ. ನೀವೆಲ್ಲ ನಾಯಿ ನಾಯಿ ಅಂತಿದ್ರಿ, ಇದ್ರೂ ಇರಬೋದು ಅಂತ ಸುಮ್ಕಿದ್ದೆ” ಎಂದರು. ಬಿದ್ದವರೊಬ್ಬರನ್ನು ಬಿಟ್ಟು ನಾವು ಎಲ್ಲರನ್ನೂ ಕೇಳಿದ್ದೆವು.

ಹೊರಗೆ ರಂಗಣ್ಣ ನಾಯಿಯನ್ನು ಆಟೋಗೆ ಹತ್ತಿಸುತ್ತಿದ್ದ. ಓಡಿಹೋಗಿ, “ತಡಿ ರಂಗಣ್ಣ, ನಾನು ನೋಡಿಲ್ಲ ಕಣಯ್ಯ. ನೋಡಿದ್ದೀನಿ ಅಂದ್ಕೊಂಡಿದ್ದೆ” ಎಂದೆ.

“ಎರಡಕ್ಕೂ ಏನ್ ವ್ಯತ್ಯಾಸ ಮೇಷ್ಟ್ರೇ?” ಎಂದಳು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ.

ರಂಗಣ್ಣನೇ ನಕ್ಕು ನಾಯಿಯನ್ನು ಇಳಿಸಿದ. “ಹೋಗ್ಲಿ ಬುಡಿ. ಅವತ್ತು ಮೊದ್ಲು ಓಡೋಗಿ ಅಜ್ಜೀನ ಎತ್ತಿದ್ದು ನೀವೇ ಅಲ್ವಾ?” ಎಂದ.

ಎತ್ತಿದ್ದು ನಾನೇ? ಸರೋಜ ಇರಬೇಕು. ಆದರೆ ಅವನು ಹೇಳುತ್ತಿದ್ದಂತೆ, ಅತ್ತೆಯ ಭುಜ ಹಿಡಿದು ಮೆಲ್ಲಗೆ ನಿಲ್ಲಿಸಿದ್ದು ನನಗೆ ಚೆನ್ನಾಗಿ ನೆನಪಾಗತೊಡಗಿತು. “ಏನೋ, ನಮ್ಮ ಕೈಲಾದದ್ದು” ಎಂದು ಮನೆಗೆ ಬಂದೆ. ಸರೋಜಳನ್ನು ಈ ವಿಷಯವಾಗಿ ಇನ್ನೂ ಕೇಳಿಲ್ಲ, ಕೇಳುವ ಯೋಚನೆಯೂ ಇಲ್ಲ.