ಹೊಟ್ಟೆಯಮ್ಮನ ಪರಿಚಯ

ಪರೀಕ್ಷೆಯ ದಿನ ಬೆಳಿಗ್ಗೆಯೇ ಹೊಟ್ಟೆಯಮ್ಮನ ಚೀಲದ ಜಿಪ್ಪು ಕೈಕೊಟ್ಟಿತು. ಒಳಗಿದ್ದದ್ದು ಹೆರಿಗೆ ತರಬೇತಿ ಶಾಲೆಯ ಆಸ್ತಿ: ಸ್ಪಂಜು ತುಂಬಿದ, ಗೊಂಬೆ ಮಗುವನ್ನು ಅಡಗಿಸಿಟ್ಟ, ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆಯ ಹೊಟ್ಟೆ. ಅದರ ಹರುಕು ಹೊಲಿದು ತರುವ ಕೆಲಸವನ್ನೂ ಟೀಚರು ಇವಳ ತಲೆಗೇ ಕಟ್ಟಿದ್ದರು.

ತರಗತಿಯಲ್ಲಿ ಎಲ್ಲರೂ ಜೋಡಿ ಜೋಡಿಯಾಗಿ ಕಲಿಯುವಾಗ ಜೋಡಿಯಿಲ್ಲದೆ ಉಳಿದವಳು ಇವಳೊಬ್ಬಳೇ. ಹಾಗಾಗಿ ವರ್ಷವಿಡೀ ಇವಳೇ ಬಸುರಿ. ಮಗುವಿನ ತಲೆ ಎಲ್ಲಿದೆಯೆಂದು ತಡವಿ ತಿಳಿಯುವುದು, ನೋವು ಬಂದಾಗ ಸೊಂಟ ನೀವುವುದು, ಹೆರುವವಳ ಕೈಬಿಡದೆ ಕೂರುವುದು, ಎಲ್ಲವನ್ನೂ ಹುಡುಗಿಯರು ಇವಳ ಮೇಲೆ ಕಲಿತರು. ಗಂಟೆ ಹೊಡೆದೊಡನೆ ಕೈಬಿಟ್ಟು ಊಟಕ್ಕೆ ಓಡಿದರು. ಇವಳ ಹೆಸರು ಯಾರಿಗೂ ನೆನಪಿರಲಿಲ್ಲ; ಎಲ್ಲರ ಬಾಯಲ್ಲೂ ಇವಳು ಹೊಟ್ಟೆಯಮ್ಮ.

"ಪರೀಕ್ಷೆ ಮಾಡೋರು ಹೊರಗಿನಿಂದ ಬರ್ತಾರೆ. ಅವರ ಪರಿಚಯ ಇದ್ದೋರಿಗೆ ಪರೀಕ್ಷೆ ಇಲ್ಲ, ಮುಂದಿನ ವರ್ಷವೇ," ಎಂದು ಟೀಚರು ಎಚ್ಚರಿಸಿದಾಗ ಇವಳಿಗೆ ನಗು ಬಂದಿತ್ತು. ಈ ಊರಲ್ಲಿ ಇವಳಿಗೆ ಪರಿಚಯವಿದ್ದದ್ದು ಬಾಡಿಗೆ ಕೋಣೆಯ ಹಲ್ಲಿಯೊಂದೇ. ಪಾಸಾದರೆ ತನ್ನೂರಿನ ಆಸ್ಪತ್ರೆಯಲ್ಲಿ ಕೆಲಸ, ದಿನಾ ಅಮ್ಮನ ಜೊತೆ ಊಟ.

ಬೇರೆ ದಾರಿ ಕಾಣದೆ ಹೊಟ್ಟೆಯನ್ನು ಸೊಂಟಕ್ಕೇ ಕಟ್ಟಿ, ಮೇಲೊಂದು ಕೋಟು ಹಾಕಿ ಇಳಿದಳು. ಇದುವರೆಗೆ ಮುಖವೆತ್ತಿಯೂ ನೋಡದ ಕೆಳಮನೆಯಾಕೆ ಬಾಗಿಲಿಗೇ ಬಂದಳು.

"ಅಯ್ಯಯ್ಯೋ! ಮೇಲ್ಗಡೆ ಒಬ್ಬಳೇ ಇರೋದು ಅಂದ್ಕೊಂಡಿದ್ನಲ್ಲ!"

"ಆಂಟಿ, ಇದು ಶಾಲೇದು..."

"ಶಾಲೇಲಿ ಇದನ್ನೂ ಕಲಿಸ್ತಾರಾ?" ಆಕೆ ಆಗಲೇ ಎದುರುಮನೆಯ ಕಿಟಕಿ ತಟ್ಟುತ್ತಿದ್ದಳು.

ಬಸ್ಸಿನಲ್ಲಿ ಕಂಡಕ್ಟರು ಗುಡುಗಿದ. "ಬಸುರಿ ಹೆಂಗಸನ್ನ ನಿಲ್ಲಿಸಿ ಕೂತಿದ್ದೀರಲ್ರೀ, ಮನುಷ್ಯರಾ ನೀವು?" ಎಲ್ಲರೂ ಧಡಕ್ಕನೆ ಎದ್ದರು. ನರೆಗೂದಲ ಹೆಂಗಸೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡರು.

"ಎಷ್ಟನೇ ತಿಂಗಳಮ್ಮ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಕೆ ಕೈ ಹಿಡಿದುಕೊಂಡುಬಿಟ್ಟಿದ್ದರು. ಆ ಬಿಸುಪು ಹೋದೀತೆಂದು ಭಯವಾಯಿತು.

"ಎಂಟು," ಎಂದಳು. ಹಡಗಿನಲ್ಲಿ ಕೆಲಸ ಮಾಡುವ ಗಂಡನೊಬ್ಬನನ್ನೂ ಹುಟ್ಟಿಸಿದಳು. ಆಮೇಲೆ ಸುಳ್ಳು ಮರೆತು, ಒಬ್ಬಳಿಗೇ ಅಡುಗೆ ಮಾಡಿಕೊಂಡರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಗಳಗಳನೆ ಅತ್ತಳು.

ಅಷ್ಟರಲ್ಲಿ ಬಸ್ಸು ಗುಂಡಿಗೆ ಬಿತ್ತು. ಹೊಟ್ಟೆ ಜಾರಿ ಪಕ್ಕೆಗೆ ಹೋಯಿತು. "ಅಯ್ಯೋ!" ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೋವು ಶುರುವಾಯ್ತು! ಆಸ್ಪತ್ರೆಗೆ ಬಿಡಪ್ಪಾ!" ಎಂದು ಬಸ್ಸಿಗೆ ಬಸ್ಸೇ ಕೂಗಿತು. ನರೆಗೂದಲಾಕೆ ಮಾತ್ರ ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ಅದನ್ನು ಸರಿಪಡಿಸಿದರು. ಬಸ್ಸು ನೇರ ಆಸ್ಪತ್ರೆಯ ಮುಂದೆ ನಿಂತಿತು; ತರಬೇತಿ ಶಾಲೆ ಅದರ ಹಿಂದೆಯೇ ಇತ್ತು. ಹೊಟ್ಟೆಯಮ್ಮ ಜನರ ನಡುವೆ ನುಸುಳಿ ಓಟ ಕಿತ್ತಳು.

ತನ್ನ ಸರದಿ ಬಂದಾಗ ಪರೀಕ್ಷೆಯ ಕೋಣೆಗೆ ಹೋದರೆ, ಪರೀಕ್ಷೆ ಮಾಡುವವರ ಕುರ್ಚಿಯಲ್ಲಿ ಅದೇ ನರೆಗೂದಲಾಕೆ!

"ಇವಳ ಪರಿಚಯ ಇದೆಯಾ ಮೇಡಂ?" ಟೀಚರು ವಾಡಿಕೆಯಂತೆ ಕೇಳಿದರು.

ಆಕೆ ಮುಖ ತಿರುಗಿಸಿದರು. "ಇಲ್ಲ. ಯಾರೋ ಏನೋ."

ಹೊಟ್ಟೆಯಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಇಡೀ ಊರಲ್ಲಿ ಸಿಕ್ಕವರು ಇವರೊಬ್ಬರು, ಇವರೂ ಇಲ್ಲ ಎನ್ನುವುದೇ?

"ಇಲ್ವಾ? ದಾರಿಯುದ್ದಕ್ಕೂ ಕೈ ಹಿಡ್ಕೊಂಡು ಕೂತಿದ್ರಲ್ಲಮ್ಮ! ಕಣ್ಣು ಒರೆಸಿದ್ರಲ್ಲ!"

ಟೀಚರು ಪೆನ್ನು ಕೆಳಗಿಟ್ಟರು. ನರೆಗೂದಲಾಕೆ ಹಣೆ ಚಚ್ಚಿಕೊಂಡರು.

"ಮುಟ್ಟಿದ ಕೂಡ್ಲೇ ಸ್ಪಂಜು ಅಂತ ಗೊತ್ತಾಗಿತ್ತು ಕಣೇ. ನಿನ್ನನ್ನ ಪಾಸು ಮಾಡೋಣ ಅಂತಲೇ ಇಲ್ಲ ಅಂದದ್ದು!"

"ಹೋಗ್ಲಿ ಬಿಡು," ಟೀಚರು ಸಮಾಧಾನ ಹೇಳಿದರು, "ಮುಂದಿನ ವರ್ಷದ ಹುಡುಗೀರಿಗೂ ಒಬ್ಬ ಬಸುರಿ ಬೇಕಲ್ಲ."

ಸಂಜೆ ಹೊಟ್ಟೆಯನ್ನು ಶಾಲೆಯಲ್ಲೇ ಬಿಟ್ಟು ಬಸ್ಸು ಹತ್ತಿದಳು. ಅದೇ ಕಂಡಕ್ಟರು ಗುರುತು ಹಿಡಿಯದೆ, "ಒಳಗೆ ಸರೀರಿ, ಗಟ್ಟಿಮುಟ್ಟಾಗಿದ್ದೀರಲ್ಲ," ಎಂದ. ಮನೆಯವರೆಗೂ ನಿಂತೇ ಹೋದಳು.