ಅಳಿಯನ ಹದಿನೆಂಟು ಕಿಲೋಮೀಟರು

"ಹತ್ರಿ ಅಳಿಯಾರ, ಮಾತು ಆಮ್ಯಾಲ," ಎಂದು ವೆಂಕಣ್ಣ ವ್ಯಾನಿನ ಕಿಟಕಿಯಿಂದ ಅರ್ಧ ಹೊರಬಂದು ಶಶಿಕಾಂತನ ಬನಿಯನ್ನಿಗೆ ಕೈಹಾಕಿದ.

ಶಶಿಕಾಂತ ಓಡುತ್ತಲೇ ಕೊಸರಿಕೊಂಡ. ಡ್ರೈವರು ವ್ಯಾನನ್ನು ಅವನ ಪಕ್ಕದಲ್ಲೇ ತೆವಳಿಸಿದ. ಇವನು ಜೋರು ಮಾಡಿದರೆ ಅದೂ ಜೋರಾಯಿತು, ನಿಧಾನಿಸಿದರೆ ಅದೂ ನಿಧಾನಿಸಿತು, ತಾಯೆಮ್ಮೆಯ ಬೆನ್ನುಬಿಡದ ಕರುವಿನ ಹಾಗೆ. ಒಲ್ಲೆ ಅಂದರೆ ಕಾರಣ ಹೇಳಬೇಕು. ಕಾರಣ ಹೇಳಲು ಉಸಿರು ಬೇಕು. ಇದ್ದಬದ್ದ ಉಸಿರೆಲ್ಲ ಕಾಲಿಗೆ ಹೋಗಿತ್ತು. ಶಶಿಕಾಂತ ಸುಮ್ಮನೆ ಕೈಯಾಡಿಸಿದ.

ವೆಂಕಣ್ಣನಿಗೆ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಕುರುಗೋಡಿನ ತಿಪ್ಪೇರುದ್ರಪ್ಪನ ಹಳೇ ದೋಸ್ತ. ಆ ತಿಪ್ಪೇರುದ್ರಪ್ಪನ ಒಬ್ಬನೇ ಅಳಿಯ ಮುಂಜಾನೆ ಆರೂವರೆಗೆ ಚಡ್ಡಿಯಲ್ಲಿ, ನಡುರಸ್ತೆಯಲ್ಲಿ, ಕುರುಗೋಡಿನ ಕಡೆಗೆ ಓಡುತ್ತಿದ್ದಾನೆ. ಕರೆದರೆ ಗಾಡಿ ಹತ್ತುತ್ತಿಲ್ಲ, ಕೇಳಿದರೆ ಬಾಯಿ ಬಿಡುತ್ತಿಲ್ಲ. ಇದರ ಅರ್ಥ ಒಂದೇ, ಅಳಿಯ ಸಿಟ್ಟಾಗಿದ್ದಾನೆ ಎಂದುಕೊಂಡ ವೆಂಕಣ್ಣ, ಮೊಬೈಲು ತೆಗೆದು ಗೆಳೆಯನಿಗೆ ಫೋನು ಹಚ್ಚಿ, ವ್ಯಾನನ್ನು ಮುಂದೆ ಬಿಡಿಸಿದ.

ನಿಜವಾದ ಅರ್ಥ ಬೇರೆಯೇ ಇತ್ತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದ ಶಶಿಕಾಂತನಿಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಅರ್ಧ ಮ್ಯಾರಥಾನಿನ ಹುಚ್ಚು ಹಿಡಿದಿತ್ತು. ಎರಡು ತಿಂಗಳಿಂದ ಪ್ರತಿ ಡಜನ್ ಬಳೆಯ ಜೊತೆಗೂ ಆ ಸುದ್ದಿಯನ್ನು ಕಟ್ಟಿ ಕೊಟ್ಟಿದ್ದ. ಅವನು ಸೇರಿದ್ದ ಓಟದ ಬಳಗಕ್ಕೆ ಇನ್ನು ಉಳಿದಿದ್ದುದು ಓಟಗಾರರು ಎದೆಗೆ ಹಚ್ಚಿಕೊಳ್ಳುವ ಒಂದೇ ಒಂದು ನಂಬರು. ಅದಕ್ಕೆ ಇಬ್ಬರ ಕಣ್ಣು: ಇವನದು, ಎದುರು ಅಂಗಡಿಯ ಪಾತ್ರೆ ವ್ಯಾಪಾರಿ ಸುಂಕಪ್ಪನದು. ಬಳಗ ನಡೆಸುವ ಪಿಟಿ ಟೀಚರ್ ಅನಿತಾ ಕಡ್ಡಿ ಮುರಿದಂತೆ ಹೇಳಿದ್ದಳು: ಭಾನುವಾರ ಬಳ್ಳಾರಿ ದಾಟಿದ ಪೆಟ್ರೋಲ್ ಬಂಕಿನಿಂದ ಕುರುಗೋಡಿನ ಕಮಾನಿನ ತನಕ, ಹದಿನೆಂಟು ಕಿಲೋಮೀಟರು, ಎಲ್ಲೂ ಕೂರದೆ, ಗಾಡಿ ಹತ್ತದೆ ಓಡಿ ಬಂದರೆ ನಂಬರು ಶಶಿಕಾಂತನಿಗೆ. ಇಲ್ಲವಾದರೆ ಸುಂಕಪ್ಪನಿಗೆ. ಮಾವನ ಊರಿನ ರಸ್ತೆ ಬೇಡ ಎಂದು ಅವನು ಗೋಗರೆದಿದ್ದ. ಆ ರಸ್ತೆಯಲ್ಲಿ ಏರಿಲ್ಲ, ಸುಮ್ಮನಿರಿ ಎಂದಿದ್ದಳು.

ಎಂಟನೆಯ ಕಿಲೋಮೀಟರಿಗೆ ಎದುರಿನಿಂದ ಬೈಕು ಬಂತು. ಓಡಿಸುತ್ತಿದ್ದವನು ಹೆಂಡತಿಯ ತಮ್ಮ ದುರ್ಗೇಶ್. ಹಿಂದೆ ಬಿಳಿ ಧೋತರದ ಮಾವ. ಗಾಡಿ ನಿಲ್ಲುವ ಮೊದಲೇ ಮಾವ ಇಳಿದುಬಿಟ್ಟರು. ಅಳಿಯ ನೆಲದ ಮೇಲಿರುವಾಗ ಮಾವ ಗಾಡಿಯ ಮೇಲೆ ಕೂತರೆ ಕಂಡವರು ಏನಂದಾರು? ಅವರು ಧೋತರ ಎತ್ತಿ ಸಿಗಿಸಿ, ಚಪ್ಪಲಿ ದುರ್ಗೇಶನ ಕೈಗಿತ್ತು, ಅಳಿಯನ ಜೊತೆ ಓಡತೊಡಗಿದರು.

"ನಮ್ಮ ದಾಕ್ಷಾಯಣಿ ಏನರ ಅಂದ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು. "ಅಂದಿದ್ರ ಹೊಟ್ಯಾಗ ಹಾಕ್ಕೋರಿ. ಅಕಿದು ನಾಲಿಗಿ ಅಷ್ಟ, ಮನಸು ಬೆಣ್ಣಿ."

ಶಶಿಕಾಂತ "ಇಲ್ಲ" ಎನ್ನಲು ಹೋದ. ಬರೀ ಗಾಳಿ ಬಂತು. ಮಾವ ಅದನ್ನು ನಿಟ್ಟುಸಿರು ಎಂದುಕೊಂಡರು. ಅಳಿಯನ ಸಿಟ್ಟು ಇಷ್ಟು ಆಳಕ್ಕೆ ಇಳಿದಿದ್ದು ಕಂಡು ಇನ್ನಷ್ಟು ಹತ್ತಿರ ಸರಿದು ಓಡಿದರು. ತಪ್ಪು ಮಗಳದಲ್ಲ, ತಮ್ಮದೇ ಇರಬೇಕೆಂದು ಹಳೆಯದನ್ನೆಲ್ಲ ಕೆದಕಿದರು. ಹೋದ ದೀಪಾವಳಿಗೆ ಕೊಟ್ಟ ಅಂಗಿ ಬಿಗಿಯಾಗಿತ್ತು, ಅದು ತಪ್ಪು. ನಾಮಕರಣದಲ್ಲಿ ಅಳಿಯನಿಗೆ ಎರಡನೇ ಪಂಕ್ತಿ ಆಯಿತು, ಅದು ದೊಡ್ಡ ತಪ್ಪು. ಒಂದೊಂದಕ್ಕೂ ಕ್ಷಮೆ ಕೇಳಿದರು. ಒಂದೊಂದಕ್ಕೂ ಅಳಿಯ ಗಾಳಿಯನ್ನೇ ಬಿಟ್ಟ. ಹಿಂದೆ ದುರ್ಗೇಶ್ ಖಾಲಿ ಬೈಕನ್ನು ಫಸ್ಟ್ ಗೇರಿನಲ್ಲಿ, ಮದುವೆ ಮೆರವಣಿಗೆಯ ಕುದುರೆಯ ಹಾಗೆ ನಡೆಸಿಕೊಂಡು ಬಂದ.

ಹನ್ನೆರಡನೆಯ ಕಿಲೋಮೀಟರಿನಲ್ಲಿ ಮೆಣಸಿನಕಾಯಿ ಬಿಡಿಸಲು ಹೊರಟ ಹೆಂಗಸರ ಟೆಂಪೊ ಸಿಕ್ಕಿತು. ಯಾರು ತೀರಿಕೊಂಡರು ಎಂದು ಒಬ್ಬಳು ಕೇಳಿದಳು. ಯಾರೂ ಇಲ್ಲ, ಬಾವಾರು ಸಿಟ್ಟಾಗ್ಯಾರ ಎಂದ ದುರ್ಗೇಶ್. ಅದರಲ್ಲಿದ್ದ ಊರಮ್ಮ ಎಂಬ ಮುದುಕಿ ತಿಪ್ಪೇರುದ್ರಪ್ಪನನ್ನು ಮೇಲಿಂದ ಕೆಳಗೆ ನೋಡಿದಳು.

"ಮಗಳ್ನ ಕೊಟ್ಟ ಮ್ಯಾಲ ಅಳಿಯನ್ನ ಹಿಂಗ ಅಟ್ಟಿಸಬಾರದಪ್ಪ," ಅಂದಳು.

ಆ ಮಾತು ಮಾವನಿಗೆ ನಾಟಿತು. ಈಗ ಅವರು ಪಕ್ಕದಲ್ಲಿ ಓಡಲಿಲ್ಲ, ಅಟ್ಟಿಸಿದಂತೆ ಕಾಣಬಾರದೆಂದು ಎರಡು ಹೆಜ್ಜೆ ಮುಂದೆ ಓಡಿದರು. ಮುಖ ಕುರುಗೋಡಿಗೆ, ಮಾತು ಹಿಂದಕ್ಕೆ. ನಲವತ್ತು ವರ್ಷ ಗದ್ದೆಯ ಬದುವಿನ ಮೇಲೆ ಕಾಲುವೆ ನೀರಿನ ಹಿಂದೆ ಓಡಾಡಿದ ಕಾಲು, ತನ್ನ ಪಾಡಿಗೆ ತಾನು ಸಾಗಿತು. ಅತ್ತೆ ಶಿವಬಸಮ್ಮ ಹೂರಣ ರುಬ್ಬಲು ಕೂತಿದ್ದಾಳೆ, ಹೋಳಿಗೆ ತಿಂದು ಆಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿ ಎಂದರು. ಹಿಂದಿನ ಮೌನ ಕರಗಲಿಲ್ಲ. ಮಾವ ಇನ್ನೂ ಬಿರುಸಾದರು.

ಮೌನ ಕರಗದಿದ್ದುದಕ್ಕೆ ಕಾರಣವಿತ್ತು. ಹದಿನಾರನೆಯ ಕಿಲೋಮೀಟರಿನಲ್ಲೇ ಶಶಿಕಾಂತನ ಮೀನಖಂಡ ಹಿಡಿದು, ಅವನು ಬೇವಿನ ಮರದ ಬುಡದಲ್ಲಿ ಗೋಣಿಚೀಲದಂತೆ ಕುಸಿದಿದ್ದ. ದುರ್ಗೇಶ್ ಅವನ ಕಾಲು ತಿಕ್ಕಿ ತಿಕ್ಕಿ, ಎತ್ತಿ ಬೈಕಿನ ಮೇಲೆ ಹೇರಿಕೊಳ್ಳುವಷ್ಟರಲ್ಲಿ ಮಾವನ ಧೋತರ ತಿರುವಿನಾಚೆ ಮಾಯವಾಗಿತ್ತು.

ಕಮಾನಿನ ಕೆಳಗೆ ಅನಿತಾ ಗಡಿಯಾರ ಹಿಡಿದು ನಿಂತಿದ್ದಳು. ಮೊದಲು ಬಂದದ್ದು ಬರಿಗಾಲಿನ ಮುದುಕ. ಅಳಿಯನಿಗೆ ಬಂಗಾರದ ಉಂಗುರ ಮಾಡಿಸುವ ಮಾತಾಡುತ್ತಾ ಬಂದ ತಿಪ್ಪೇರುದ್ರಪ್ಪ ನಿಂತು, ಹಿಂತಿರುಗಿ, ಖಾಲಿ ರಸ್ತೆಯನ್ನು ಕಂಡು ಕಂಗಾಲಾದರು. ಸ್ವಲ್ಪ ಹೊತ್ತಿಗೆ ಅಳಿಯ ಬೈಕಿನ ಮೇಲೆ ಬಂದ.

ದುರ್ಗೇಶ್ ನಡೆದದ್ದನ್ನು ಹೇಳಿದ. ಅನಿತಾ ಲೆಕ್ಕ ಹಾಕಿದಳು. ವಯಸ್ಸು ಅರವತ್ತಾರು, ಹತ್ತು ಕಿಲೋಮೀಟರು, ಧೋತರದಲ್ಲಿ, ಬರಿಗಾಲಲ್ಲಿ, ಬಾಯಿ ಮುಚ್ಚದೆ. ಏದುಸಿರು ಕೂಡ ಇಲ್ಲ. ಶಶಿಕಾಂತನ ಕಡೆ ತಿರುಗಿ, ಗಾಡಿ ಹತ್ತಿದವರಿಗೆ ನಂಬರಿಲ್ಲ ಎಂದಳು. ಬೇಕಾದರೆ ಈ ಹಿರಿಯರಿಗೆ ಕೊಡುತ್ತೇನೆ, ಅವರು ಒಲ್ಲೆಂದರೆ ಈಗಲೇ ಸುಂಕಪ್ಪನಿಗೆ ಫೋನು.

ಶಶಿಕಾಂತನಿಗೆ ಕಡೆಗೂ ಉಸಿರು ಬಂದಿತ್ತು. ಸುಂಕಪ್ಪನ ಎದೆಯ ಮೇಲೆ ಆ ನಂಬರು ನೇತಾಡುವುದು ಕಣ್ಣಿಗೆ ಕಟ್ಟಿತು. ಅದಕ್ಕಿಂತ ಮಾವನ ಧೋತರದ ಮೇಲಾದರೂ ಇರಲಿ. ಅವನು ಬೈಕಿನಿಂದ ಜಾರಿ ಇಳಿದು ಮಾವನ ಎರಡೂ ಕೈ ಹಿಡಿದುಕೊಂಡ. ಸಿಟ್ಟೂ ಇಲ್ಲ, ಏನೂ ಇಲ್ಲ, ಇದು ಬರೀ ಓಟ, ನನ್ನ ಮರ್ಯಾದೆ ನಿಮ್ಮ ಕಾಲಲ್ಲಿದೆ ಎಂದು ಬೇಡಿಕೊಂಡ.

ತಿಪ್ಪೇರುದ್ರಪ್ಪ ಎಲ್ಲವನ್ನೂ ಸಮಾಧಾನವಾಗಿ ಕೇಳಿದರು. ಟವಲಿನಿಂದ ಕುತ್ತಿಗೆ ಒರೆಸಿಕೊಂಡರು. ಚಪ್ಪಲಿ ಮೆಟ್ಟಿಕೊಂಡರು.

"ಒಲ್ಲೆ," ಎಂದರು. "ಅಲ್ಲಿ ನಮ್ಮೋರು ಯಾರು ಸಿಟ್ಟಾಗ್ಯಾರಂತ ನಾ ಬೆನ್ನತ್ತಿ ಓಡ್ಲಿ?"